ಬಟ್ಟೆ, ಪ್ಯಾಡ್, ಕಪ್: ಆರಿಸುವ ಮೊದಲು ನೀರಿನ ಕೊಡ ಎಣಿಸಿ

ಮುಟ್ಟಿನ ದಿನಗಳಿಗೆ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ, ನಿಮ್ಮ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬುದು. ಕೇಳಿದವರು ಗಲಿಬಿಲಿಗೊಳ್ಳುತ್ತಾರೆ. ಯಾವುದೋ ಕಂಪನಿಯ ಹೆಸರು ಹೇಳಿ ಕಳಿಸುತ್ತಾರೆ ಎಂದುಕೊಂಡು ಬಂದಿರುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವಳು ನಾನು. ಎಷ್ಟೋ ಹುಡುಗಿಯರು ಮೊದಲ ಸಲ ಮುಟ್ಟಾಗಿ ಹೆದರಿ ನನ್ನ ಬಳಿ ಬಂದಿದ್ದಾರೆ, ಅವರ ತಾಯಂದಿರ ಜೊತೆ ಕುಳಿತು ಮಾತಾಡಿದ್ದೇನೆ. ಅವರ ಪಾಡನ್ನು ತೀರ್ಮಾನಿಸುತ್ತಿದ್ದುದು ಪೊಟ್ಟಣದ ಮೇಲಿನ ಬರಹವಲ್ಲ. ಬಚ್ಚಲಲ್ಲಿ ಎಷ್ಟು ಕೊಡ ನೀರಿದೆ, ಪಾಯಖಾನೆಯ ಬಾಗಿಲಿಗೆ ಚಿಲಕ ಇದೆಯೇ, ತೊಳೆದದ್ದನ್ನು ಬಿಸಿಲಿಗೆ ಹಾಕಲು ಜಾಗ ಇದೆಯೇ, ಬಳಸಿದ್ದನ್ನು ಎಲ್ಲಿಗೆ ಒಯ್ದು ಹಾಕಬೇಕು ಎಂಬ ನಾಲ್ಕು ಸಂಗತಿಗಳು.

ಆದ್ದರಿಂದ ಇಲ್ಲಿ ಬಟ್ಟೆ, ಪ್ಯಾಡ್, ಒಳಗಿಟ್ಟು ರಕ್ತ ಹಿಡಿಯುವ ಸಿಲಿಕೋನಿನ ಕಪ್ ಮೂರನ್ನೂ ಆ ನಾಲ್ಕರ ಮುಂದೆ ನಿಲ್ಲಿಸಿ ನೋಡುತ್ತೇನೆ. ಎಲ್ಲರಿಗೂ ಹೊಂದುವ ವಸ್ತು ಒಂದಿದೆ ಎಂದು ನಾನು ನಂಬುವುದಿಲ್ಲ. ಆದರೆ ನಿಮ್ಮ ಮನೆಗೆ, ನಿಮ್ಮ ಕೆಲಸಕ್ಕೆ ಯಾವುದು ಹೊಂದುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳಬಹುದು. ಅಷ್ಟರಿಂದಲೇ ಹಣವೂ ಉಳಿಯುತ್ತದೆ, ಮೈಯೂ ಉಳಿಯುತ್ತದೆ.

ಮೊದಲು ನೀರು

ಬಾಗಲಕೋಟೆ 1997ರಲ್ಲಿ ಬೇರೆಯಾಗುವ ಮೊದಲಿನ ನಮ್ಮ ದೊಡ್ಡ ಜಿಲ್ಲೆಯನ್ನು ಐದು ನದಿಗಳ ನಾಡು ಎನ್ನುತ್ತಿದ್ದರು. ಕೃಷ್ಣೆ, ಭೀಮೆ, ಘಟಪ್ರಭೆ, ಮಲಪ್ರಭೆ, ಡೋಣಿ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಮಾತು ಈಗಲೂ ಹಿರಿಯರ ಬಾಯಲ್ಲಿದೆ. ಕಾಳು ಕೊಡುವ ಆ ಡೋಣಿಯ ನೀರು ಮಾತ್ರ ಉಪ್ಪು. ಆಲಮಟ್ಟಿಯಲ್ಲಿ ಕೃಷ್ಣೆ ಸಮುದ್ರದ ಹಾಗೆ ತುಂಬಿ ನಿಂತಿದ್ದಾಗಲೂ ಎರೆ ಭೂಮಿಯ ಎಷ್ಟೋ ಊರುಗಳ ಬೋರ್‌ವೆಲ್‌ನಲ್ಲಿ ಬರುವುದು ಸವಳು ನೀರೇ. ಕೆಲವು ಕಡೆ ಅದರಲ್ಲಿ ಫ್ಲೋರೈಡ್ ಕೂಡ ಇದೆ.

ಮುಟ್ಟಿನ ಬಗ್ಗೆ ತಿಳಿವಳಿಕೆ ಹೇಳಲು ಹೊರಗಿನಿಂದ ಬಂದವರು ಯಾರೂ ಈ ಸವಳು ನೀರಿನ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ. ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿರುತ್ತವೆ. ಸಾಬೂನು ಅವುಗಳ ಜೊತೆ ಸೇರಿದರೆ ನೊರೆ ಬರುವುದಿಲ್ಲ, ಬೂದು ಬಣ್ಣದ ಜಿಗುಟು ಗಸಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ನಾಲ್ಕಾರು ತಿಂಗಳಲ್ಲಿ ಮೆತ್ತಗಿದ್ದ ಬಟ್ಟೆ ಹಪ್ಪಳದಂತೆ ಬಿರುಸಾಗುತ್ತದೆ. ರಕ್ತ ಹೀರುವ ಬದಲು ತೊಡೆ ಉಜ್ಜುತ್ತದೆ. ಹೊಲದಲ್ಲಿ ದಿನವಿಡೀ ಬಗ್ಗಿ ಎದ್ದು ಕೆಲಸ ಮಾಡುವ ಹೆಂಗಸಿಗೆ ಸಂಜೆಯ ಹೊತ್ತಿಗೆ ತೊಡೆ ಸಂದಿಯಲ್ಲಿ ಹುಣ್ಣಾಗುವುದು ಹೀಗೆ. ಅದು ಬಟ್ಟೆಯ ತಪ್ಪು ಎಂದು ಅವಳಿಗೆ ಅನ್ನಿಸುತ್ತದೆ. ಅರ್ಧ ತಪ್ಪು ನೀರಿನದು.

ಈಗ ಲೆಕ್ಕ. ಜಲಜೀವನ ಮಿಷನ್ 2019ರಲ್ಲಿ ಶುರುವಾದಾಗ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂದು ಗುರಿ ಇಟ್ಟುಕೊಂಡಿತು. ನಮ್ಮ ರಾಜ್ಯದಲ್ಲಿ ಅದನ್ನು ಮನೆ ಮನೆಗೆ ಗಂಗೆ ಎಂದು ಕರೆದರು. ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ಆಯಿತು. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಹದಿನೆಂಟು ಕೊಡ. ನಳ ಇರುವುದು ಬೇರೆ, ನಳದಲ್ಲಿ ನೀರಿರುವುದು ಬೇರೆ. ಬೇಸಿಗೆಯಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಅಡಿಗೆ, ದನ, ಸ್ನಾನ ಎಲ್ಲ ಮುಗಿದ ಮೇಲೆ ಹೆಂಗಸಿನ ಬಟ್ಟೆಗೆ ಉಳಿಯುವುದು ಎಷ್ಟು? ನಾನು ಮನೆಯಲ್ಲಿ ಅಳೆದು ನೋಡಿದ ಪ್ರಕಾರ ದಿನಕ್ಕೆ ಮೂರು ನಾಲ್ಕು ಬಟ್ಟೆ ನೆನೆಸಿ, ತೊಳೆದು, ಎರಡು ಸಲ ಜಾಲಿಸಲು ಒಂದೂವರೆ ಕೊಡ ಬೇಕು. ಪ್ಯಾಡಿಗೆ ಬೇಕಾಗುವುದು ಕೈ ಮತ್ತು ಮೈ ತೊಳೆಯುವ ಒಂದೆರಡು ಚರಗಿ ನೀರು. ಕಪ್ಪಿಗೂ ಹೆಚ್ಚುಕಡಿಮೆ ಅಷ್ಟೇ, ಜೊತೆಗೆ ತಿಂಗಳಿಗೆ ಎರಡು ಸಲ ಕುದಿಸಲು ಒಂದೊಂದು ಲೀಟರ್.

ನಿಮ್ಮ ಮನೆಯಲ್ಲಿ ಆ ಒಂದೂವರೆ ಕೊಡ ಬೇಸಿಗೆಯಲ್ಲೂ ಸಿಗುತ್ತದೆಯೇ? ಇಲ್ಲವಾದರೆ ಬಟ್ಟೆಯನ್ನು ವರ್ಷವಿಡೀ ನೆಚ್ಚಿಕೊಳ್ಳಬೇಡಿ.

ಬಟ್ಟೆ: ಅವ್ವನ ಕಾಲದ ಸೀರೆ ಈಗ ಪೆಟ್ಟಿಗೆಯಲ್ಲಿಲ್ಲ

ಬಟ್ಟೆಯನ್ನು ಕೀಳಾಗಿ ಕಾಣುವವರ ಮೇಲೆ ನನಗೆ ಸಿಟ್ಟಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು, 2019ರಿಂದ 2021ರವರೆಗೆ ನಡೆದದ್ದು, 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ದೇಶದಲ್ಲಿ ಶೇ 77ರಷ್ಟು, ಕರ್ನಾಟಕದಲ್ಲಿ ಶೇ 84ರಷ್ಟು ಮಂದಿ ನೈರ್ಮಲ್ಯದ ವಿಧಾನ ಬಳಸುತ್ತಾರೆ ಎಂದು ಹೇಳಿತು. ಆ ಪಟ್ಟಿಯಲ್ಲಿ ಅಂಗಡಿಯ ಪ್ಯಾಡ್, ಊರಲ್ಲೇ ತಯಾರಿಸಿದ ಪ್ಯಾಡ್, ಟ್ಯಾಂಪನ್ ಎಂಬ ಒಳಗಿಡುವ ಹತ್ತಿಯ ಸುರುಳಿ, ಕಪ್ ಇವೆ. ಬಟ್ಟೆ ಇಲ್ಲ. ಚೆನ್ನಾಗಿ ತೊಳೆದು ರಣಬಿಸಿಲಿಗೆ ಒಣಗಿಸಿದ ಹತ್ತಿ ಬಟ್ಟೆಯೂ, ಬೆಳಗಿನಿಂದ ಸಂಜೆಯವರೆಗೆ ಬದಲಿಸದ ಪ್ಯಾಡೂ ಆ ಲೆಕ್ಕದಲ್ಲಿ ಅದಲುಬದಲಾಗಿ ಕೂತಿವೆ.

ಆದರೆ ನಮ್ಮ ಅವ್ವ ಬಳಸಿದ ಬಟ್ಟೆ ಈಗ ಯಾರ ಪೆಟ್ಟಿಗೆಯಲ್ಲೂ ಇಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅವ್ವ ಉಡುತ್ತಿದ್ದುದು ಹತ್ತಿಯ ಇಳಕಲ್ ಸೀರೆ. ಹತ್ತು ವರ್ಷ ಉಟ್ಟು, ನೂರಾರು ಸಲ ಒಗೆದು, ಬೆಣ್ಣೆಯಂತೆ ಮೆತ್ತಗಾದ ಮೇಲೆ ಅದರಲ್ಲಿ ಅರ್ಧ ಕೌದಿಗೆ ಹೋಗುತ್ತಿತ್ತು, ಅರ್ಧ ತಿಂಗಳ ಬಟ್ಟೆಗೆ. ಸೆರಗಿನ ರೇಷ್ಮೆಯ ಭಾಗವನ್ನು ಅವಳು ತೆಗೆದಿಡುತ್ತಿದ್ದಳು, ಅದು ಹೀರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಈಗ ನಾವು ದಿನ ಬಳಕೆಗೆ ಉಡುವುದು ಪಾಲಿಸ್ಟರ್. ಹಳೆಯ ಪಾಲಿಸ್ಟರ್ ಸೀರೆ ಹರಿದು ಇಟ್ಟುಕೊಂಡರೆ ಅದು ರಕ್ತವನ್ನು ಹೀರುವುದಿಲ್ಲ, ಜಾರಿಸುತ್ತದೆ. ಬೆವರೂ ಒಳಗೇ ನಿಲ್ಲುತ್ತದೆ. ನಲವತ್ತೆರಡು ಡಿಗ್ರಿ ಬಿಸಿಲಿನ ಏಪ್ರಿಲ್ ತಿಂಗಳಲ್ಲಿ ಅದರ ಫಲ ತುರಿಕೆ. ಆದ್ದರಿಂದ ಬಟ್ಟೆ ಎಂದು ಆರಿಸುವುದಾದರೆ ಹತ್ತಿಯೇ ಆಗಬೇಕು. ಹಳೆಯ ಹತ್ತಿ ಪಂಚೆ, ಚಾದರ, ಮಕ್ಕಳ ಬನಿಯನ್ ಬಟ್ಟೆ ಎಲ್ಲವೂ ಆಗುತ್ತದೆ. ತಿಳಿ ಬಣ್ಣ ಇದ್ದರೆ ಕಲೆ ಹೋಗಿದೆಯೋ ಇಲ್ಲವೋ ಕಾಣುತ್ತದೆ. ರಕ್ತದ ಬಣ್ಣ, ಗಂಟು ಗಮನಿಸಲೂ ಅನುಕೂಲ.

ತೊಳೆಯುವ ಕ್ರಮ ಇಷ್ಟು: ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ಕಲೆ ನೂಲಿಗೆ ಕೂರುತ್ತದೆ. ಸವಳು ನೀರಿನ ಊರಾದರೆ ಬಾರ್ ಸಾಬೂನಿಗಿಂತ ಒಗೆಯುವ ಪುಡಿ ಮೇಲು, ಅದು ಸವಳಿನಲ್ಲೂ ಕೆಲಸ ಮಾಡುತ್ತದೆ. ಆದರೆ ಪುಡಿ ಬಟ್ಟೆಯಲ್ಲಿ ಉಳಿಯದಂತೆ ಚೆನ್ನಾಗಿ ಜಾಲಿಸಬೇಕು, ಉಳಿದರೆ ಚರ್ಮ ಉರಿಯುತ್ತದೆ. ಕೊನೆಯ ಜಾಲಿಕೆಗೆ ಒಂದು ತಂಬಿಗೆ ಸಿಹಿನೀರು ಸಿಕ್ಕರೆ ಬಟ್ಟೆ ಮೆತ್ತಗೆ ಉಳಿಯುತ್ತದೆ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದಿಟ್ಟುಕೊಳ್ಳಿ.

ಇನ್ನು ಬಿಸಿಲು. ವಿಜಯಪುರದಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ತಿಂಗಳ ಬಟ್ಟೆ ಒಣಗುವುದು ಕತ್ತಲಲ್ಲಿ. ಕಾಳಿನ ಕಣಜದ ಹಿಂದೆ, ಲಂಗದ ಕೆಳಗೆ, ಪಾಯಖಾನೆಯ ತಗಡಿನ ಸಂದಿಯಲ್ಲಿ. ಒಡಿಶಾದ ಆಸ್ಪತ್ರೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮತ್ತೆ ಮತ್ತೆ ಬಳಸುವ ಬಟ್ಟೆಯವರಲ್ಲಿ ಜನನಾಂಗದ ಸೋಂಕಿನ ಲಕ್ಷಣ ಹೆಚ್ಚು ಎಂದು ಕಂಡಿತ್ತು. ಅಲ್ಲಿಯೇ ಮುಂದೆ ನಡೆದ ಕೆಲಸದಲ್ಲಿ, ಬಟ್ಟೆಯನ್ನು ಮನೆಯೊಳಗೆ ಒಣಗಿಸುವುದಕ್ಕೂ ಪಾಯಖಾನೆಯಲ್ಲಿ ಬಚ್ಚಿಡುವುದಕ್ಕೂ ಶಿಲೀಂಧ್ರ ಸೋಂಕಿಗೂ ನಂಟು ಕಾಣಿಸಿತು. ಸೋಂಕು ಬೆಳೆದದ್ದು ನಾಚಿಕೆಯ ತೇವದಲ್ಲಿ. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ಅಲ್ಲಗಳೆದರು, ಅದರಲ್ಲಿ ಮುಟ್ಟಿನ ಮೈಲಿಗೆ ಎನ್ನುವ ರಜಸ್ಸೂತಕವೂ ಒಂದು. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ. ಅದೇ ಜಿಲ್ಲೆಯ ಮಾಳಿಗೆಯ ಮೇಲೆ ಗಂಡಸರ ಬನಿಯನ್ ಒಣಗುವ ಹಗ್ಗದಲ್ಲಿ ಈ ಬಟ್ಟೆಗೆ ಒಂದು ಮೊಳ ಜಾಗ ಸಿಗುವುದಿಲ್ಲ ಎಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಗ್ಗಕ್ಕೆ ಹಾಕಲು ಮನೆಯಲ್ಲಿ ಒಪ್ಪದಿದ್ದರೆ ಮೇಲೊಂದು ತೆಳು ಹತ್ತಿ ಬಟ್ಟೆ ಹೊದಿಸಿಯಾದರೂ ಬಿಸಿಲಿಗೇ ಹಾಕಿ.

ಹೊಲಿದ ಬಟ್ಟೆ ಪ್ಯಾಡುಗಳೂ ಈಗ ಸಿಗುತ್ತವೆ. ಗುಂಡಿ ಹಾಕಿ ಒಳಉಡುಪಿಗೆ ಕಟ್ಟಿಕೊಳ್ಳುವಂಥವು. ಇವುಗಳಿಗೆ 2021ರಲ್ಲಿ ಭಾರತೀಯ ಮಾನಕ ಬ್ಯೂರೋ ಪ್ರತ್ಯೇಕ ಮಾನದಂಡವನ್ನೂ ತಂದಿದೆ. ಜಾರುವುದಿಲ್ಲ ಎಂಬುದು ಇವುಗಳ ದೊಡ್ಡ ಗುಣ. ನೀರು, ಬಿಸಿಲಿನ ಲೆಕ್ಕ ಮಾತ್ರ ಬಟ್ಟೆಯದೇ, ಇನ್ನೂ ಸ್ವಲ್ಪ ಹೆಚ್ಚೇ, ಏಕೆಂದರೆ ಪದರ ದಪ್ಪ. ಮಳೆಗಾಲದಲ್ಲಿ ಒಣಗಲು ಎರಡು ದಿನ ಹಿಡಿಯುತ್ತದೆ. ಆರಕ್ಕಿಂತ ಕಡಿಮೆ ಇಟ್ಟುಕೊಂಡರೆ ಹಸಿಯದನ್ನೇ ತೊಡುವ ಪಾಡು ಬರುತ್ತದೆ.

ಪ್ಯಾಡ್: ತೊಡುವುದು ಸುಲಭ, ಎಸೆಯುವುದು ಕಷ್ಟ

ಪ್ಯಾಡಿನ ಬೆಲೆ ಮೊದಲಿನಷ್ಟು ಅಡ್ಡಿಯಲ್ಲ. 2017ರಲ್ಲಿ ಹಾಕಿದ್ದ ಶೇ 12 ಜಿಎಸ್‌ಟಿಯನ್ನು 2018ರ ಜುಲೈನಲ್ಲಿ ತೆಗೆದರು. ಜನೌಷಧಿ ಕೇಂದ್ರಗಳಲ್ಲಿ 2019ರ ಆಗಸ್ಟ್‌ನಿಂದ ಒಂದು ಪ್ಯಾಡಿಗೆ ಒಂದು ರೂಪಾಯಿ. ರಾಜ್ಯ ಸರ್ಕಾರದ ಶುಚಿ ಯೋಜನೆಯಲ್ಲಿ ಹದಿಹರೆಯದ ಹುಡುಗಿಯರಿಗೆ ಉಚಿತವಾಗಿ ಕೊಡುತ್ತಾರೆ. ನಡುವೆ ಕೆಲವು ವರ್ಷ ಅದು ನಿಂತು ಹೋಗಿ ಮತ್ತೆ ಶುರುವಾಯಿತು. ನಿಂತ ಆ ವರ್ಷಗಳಲ್ಲಿ ನಮ್ಮ ಹುಡುಗಿಯರು ಪಟ್ಟ ಪಾಡು ಕಣ್ಣಾರೆ ಕಂಡವಳು ನಾನು. ಪುಕ್ಕಟೆ ಸಿಗುವುದನ್ನು ನಂಬಿ ಬಟ್ಟೆ ಎಸೆದಿದ್ದರು, ಆಮೇಲೆ ಒಂದೇ ಪ್ಯಾಡನ್ನು ಬೆಳಗಿನ ಪ್ರಾರ್ಥನೆಯಿಂದ ಸಂಜೆ ಬಸ್ಸಿನವರೆಗೆ ಎಳೆಯುತ್ತಿದ್ದರು. ಇದಕ್ಕಾಗಿಯೇ ಯಾವುದೇ ಒಂದನ್ನು ಪೂರ್ತಿ ನೆಚ್ಚಬೇಡಿ ಎನ್ನುತ್ತೇನೆ.

ದಿನಕ್ಕೆ ನಾಲ್ಕರಂತೆ ಐದು ದಿನಕ್ಕೆ ಇಪ್ಪತ್ತು ಪ್ಯಾಡ್. ಒಂದಕ್ಕೆ ಆರು ರೂಪಾಯಿ ಎಂದುಕೊಂಡರೆ ತಿಂಗಳಿಗೆ 120, ವರ್ಷಕ್ಕೆ 1,440 ರೂಪಾಯಿ. ಜನೌಷಧಿಯದಾದರೆ ವರ್ಷಕ್ಕೆ 240. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿರುವ ಮನೆಯಲ್ಲಿ ಅಂಗಡಿಯ ಪ್ಯಾಡಿಗೆ 4,320 ರೂಪಾಯಿ ಬೇಕು. ಆ ಮನೆ ಕೂಲಿಯ ಮೇಲೆ ನಡೆಯುತ್ತಿದ್ದರೆ, ಹೆಣ್ಣುಮಕ್ಕಳಿಗೆ ಪ್ಯಾಡ್ ಕೊಡಿಸಿ ತಾಯಿ ಬಟ್ಟೆಯಲ್ಲೇ ಇರುತ್ತಾಳೆ. ನಾನು ಕಂಡ ಮನೆಗಳಲ್ಲಿ ಅದು ಹಾಗೆಯೇ ಇತ್ತು.

ಪ್ಯಾಡಿನ ಗುಣ ನೀರು ಬೇಡದಿರುವುದು. ಪ್ರಯಾಣಕ್ಕೆ, ಪರೀಕ್ಷೆಗೆ, ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೋದ ಮನೆಯವರಿಗೆ, ಆಸ್ಪತ್ರೆಯಲ್ಲಿ ಬಾಣಂತಿಯ ಜೊತೆ ಇರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ರಕ್ತ ಕಡಿಮೆ ಇದ್ದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಒಣಗಿದಂತೆ ಕಾಣುವ ಪ್ಯಾಡಿನೊಳಗೆ ಎಲ್ಲವೂ ಹಾಗೇ ಇರುತ್ತದೆ, ಅದರೊಳಗಿನ ಹೀರುವ ಪುಡಿ ಅದನ್ನು ಅಂಟಾಗಿ ಹಿಡಿದಿಟ್ಟುಕೊಂಡಿರುತ್ತದೆ ಅಷ್ಟೇ.

ಅವಗುಣ ಶುರುವಾಗುವುದು ಬಿಚ್ಚಿದ ಮೇಲೆ. ಮೇಲಿನ ಪದರವೂ ಕೆಳಗಿನ ಪದರವೂ ಪ್ಲಾಸ್ಟಿಕ್. ಮೂವರು ಹೆಣ್ಣುಮಕ್ಕಳ ಮನೆಯಿಂದ ವರ್ಷಕ್ಕೆ 720 ಪ್ಯಾಡ್ ಹೊರಬೀಳುತ್ತದೆ. ಊರಿಗೆ ಕಸದ ಗಾಡಿ ಬರದಿದ್ದರೆ ಅದು ತಿಪ್ಪೆಗೆ ಹೋಗುತ್ತದೆ, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಮರುವರ್ಷ ಕುಂಟೆ ಹೊಡೆಯುವಾಗ ಆ ಪದರ ಕುಂಟೆಗೆ ಸಿಕ್ಕಿಕೊಂಡು ಮೇಲೆ ಬರುತ್ತದೆ. ಹುಗಿದರೂ ಹಾಗೆಯೇ ಇರುತ್ತದೆ. ಹತ್ತಿ ಬಟ್ಟೆ ಮಣ್ಣಾಗುತ್ತದೆ, ಪ್ಯಾಡ್ ಆಗುವುದಿಲ್ಲ. ಒಂದು ರೂಪಾಯಿಯ ಪ್ಯಾಡಿನ ಪೊಟ್ಟಣದ ಮೇಲೆ ಆಕ್ಸೋ ಜೈವಿಕ ವಿಘಟನೀಯ ಎಂದು ಬರೆದಿರುತ್ತದೆ. ಪ್ಲಾಸ್ಟಿಕ್ ಬೇಗ ಚೂರಾಗುವಂತೆ ಅದರಲ್ಲಿ ಒಂದು ವಸ್ತು ಬೆರೆಸಿರುತ್ತಾರೆ. ಚೂರಾಗುವುದೆಲ್ಲ ಮಣ್ಣಾಗುವುದಲ್ಲ ಎಂಬ ತಕರಾರು ಪರಿಸರದ ಕೆಲಸ ಮಾಡುವವರಲ್ಲಿದೆ, ನನಗೂ ಅದು ಸರಿ ಎನ್ನಿಸುತ್ತದೆ. ಬೆಲೆಗಾಗಿ ಕೊಳ್ಳಿ, ಆದರೆ ತಿಪ್ಪೆಗೆ ಹಾಕಬಹುದು ಎಂದು ಅದರ ಅರ್ಥ ಮಾಡಿಕೊಳ್ಳಬೇಡಿ.

ಪಾಯಖಾನೆಯ ಗುಂಡಿಗಂತೂ ಎಂದಿಗೂ ಹಾಕಬೇಡಿ. ಸ್ವಚ್ಛ ಭಾರತ ಯೋಜನೆಯ ಹನ್ನೆರಡು ಸಾವಿರ ರೂಪಾಯಿಯಲ್ಲಿ ಕಟ್ಟಿದ ಎಷ್ಟೋ ಪಾಯಖಾನೆಗಳಿಗೆ ಎರಡು ಗುಂಡಿ. ಒಂದು ತುಂಬಿದ ಮೇಲೆ ಮುಚ್ಚಿ ಬಿಟ್ಟರೆ ಒಂದೆರಡು ವರ್ಷದಲ್ಲಿ ಗೊಬ್ಬರವಾಗುತ್ತದೆ, ಅಷ್ಟರಲ್ಲಿ ಇನ್ನೊಂದನ್ನು ಬಳಸಬಹುದು. ಪ್ಯಾಡ್ ಬಿದ್ದರೆ ಅದು ಉಬ್ಬಿ ಪೈಪು ಕಟ್ಟುತ್ತದೆ, ಗುಂಡಿ ಬೇಗ ತುಂಬುತ್ತದೆ, ಆಮೇಲೆ ಇನ್ಯಾರದೋ ಬರಿಗೈ ಅದನ್ನು ಎತ್ತಬೇಕಾಗುತ್ತದೆ. 2016ರ ಘನತ್ಯಾಜ್ಯ ನಿಯಮ ಬಳಸಿದ ಪ್ಯಾಡನ್ನು ಬಿಗಿಯಾಗಿ ಸುತ್ತಿ ಬೇರೆಯಾಗಿ ಕೊಡಬೇಕೆಂದಿತು, ಸುತ್ತುವ ಚೀಲ ಒದಗಿಸುವ ಹೊಣೆಯನ್ನು ಕಂಪನಿಗಳ ಮೇಲೂ ಹೊರಿಸಿತು. ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಟ್ಟರೆ ಕಸ ವಿಂಗಡಿಸುವ ಹೆಣ್ಣುಮಗಳು ಬಿಚ್ಚಿ ನೋಡಬೇಕಾಗುವುದಿಲ್ಲ.

ಸುಡುವ ಮಾತು ಬಂದಾಗ ಒಂದು ಎಚ್ಚರಿಕೆ. ಪ್ಲಾಸ್ಟಿಕ್ ಬೆರೆತ ಪ್ಯಾಡನ್ನು 800 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಸುಟ್ಟರೆ ಡಯಾಕ್ಸಿನ್‌ನಂಥ ವಿಷಾನಿಲ ಹೊರಡುತ್ತದೆ. ಒಲೆಗೆ ಹಾಕಬೇಡಿ. ಶಾಲೆಗಳಿಗೆ ಕೊಡುವ ಸಣ್ಣ ಸುಡುವ ಯಂತ್ರಗಳು ಎಷ್ಟು ಶಾಖ ಕೊಡುತ್ತವೆ ಎಂದು ಕೇಳಿಯೇ ಇಡಿಸಿಕೊಳ್ಳಿ. ನಾನು ಕಂಡ ಒಂದು ಶಾಲೆಯಲ್ಲಿ ಅಂಥ ಯಂತ್ರ ಗೋಡೆಗೆ ನೇತಾಡುತ್ತಿತ್ತು, ಕೆಳಗಿನ ಪ್ಲಗ್ಗಿಗೆ ವಿದ್ಯುತ್ತೇ ಇರಲಿಲ್ಲ, ಹುಡುಗಿಯರು ಕಿಟಕಿಯಿಂದ ಹಿಂದಿನ ಜಾಲಿ ಕಂಟಿಗೆ ಎಸೆಯುತ್ತಿದ್ದರು.

ಕಪ್: ಎರಡು ಸಲ ಏಕಾಂತ ಸಿಕ್ಕರೆ ಸಾಕು

ಕಪ್ ಎಂದರೆ ವೈದ್ಯಕೀಯ ದರ್ಜೆಯ ಸಿಲಿಕೋನಿನ ಪುಟ್ಟ ಬಟ್ಟಲು. ಮಡಚಿ ಯೋನಿಯೊಳಗೆ ಸೇರಿಸಿದರೆ ಅಲ್ಲಿ ಬಿಚ್ಚಿಕೊಂಡು ರಕ್ತವನ್ನು ಹಿಡಿದುಕೊಳ್ಳುತ್ತದೆ. ಒಂದು ಕಪ್ಪಿಗೆ 20ರಿಂದ 30 ಮಿಲಿಲೀಟರ್ ಹಿಡಿಯುತ್ತದೆ. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವ ಒಟ್ಟು ರಕ್ತ 30ರಿಂದ 80 ಮಿಲಿಲೀಟರ್. ಹಾಗಾಗಿ ಎಂಟರಿಂದ ಹನ್ನೆರಡು ಗಂಟೆ ನಿಶ್ಚಿಂತೆ. ಒಂದನ್ನು ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷದವರೆಗೂ ಬರುತ್ತದೆ. ನಾಲ್ಕೈದು ನೂರು ರೂಪಾಯಿಗೆ ಸಿಗುತ್ತದೆ, ಅಂಗಡಿಯ ಪ್ಯಾಡಿನ ಲೆಕ್ಕದಲ್ಲಿ ನಾಲ್ಕು ತಿಂಗಳ ಖರ್ಚು. ಕಸ ಇಲ್ಲವೇ ಇಲ್ಲ.

ಕೇರಳದ ಕುಂಬಳಂಗಿ ಎಂಬ ಊರಿನಲ್ಲಿ ಹೆಂಗಸರು ಕಪ್ಪಿಗೆ ಬದಲಾದರು, 2022ರ ಜನವರಿಯಲ್ಲಿ ಅದನ್ನು ಪ್ಯಾಡ್ ಇಲ್ಲದ ಊರು ಎಂದು ಘೋಷಿಸಿದರು. ನಮ್ಮ ರಾಜ್ಯದಲ್ಲೂ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಶುಚಿ ಯೋಜನೆಯ ಭಾಗವಾಗಿ ಕಪ್ ಹಂಚುವ ಪ್ರಯೋಗ ನಡೆದಿದೆ. ವಿಜಯಪುರಕ್ಕೆ, ಬಾಗಲಕೋಟೆಗೆ ಅದು ಮೊದಲು ಬರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೀರಿಲ್ಲದ ನಾಡಿಗೆ ನೀರು ಬೇಡದ ವಸ್ತು ಬೇಕು.

ಹಾಗೆಂದು ಕಪ್ಪಿಗೆ ಷರತ್ತುಗಳಿಲ್ಲ ಎಂದಲ್ಲ. ಹಾಕುವ ಮುನ್ನ, ತೆಗೆಯುವ ಮುನ್ನ ಸಾಬೂನಿನಿಂದ ಕೈ ತೊಳೆಯಲೇಬೇಕು. ಎಳೆದು ತೆಗೆಯಬಾರದು, ಬುಡವನ್ನು ಚಿವುಟಿ ಗಾಳಿ ಬಿಟ್ಟ ಮೇಲೆ ನಿಧಾನವಾಗಿ ತೆಗೆಯಬೇಕು. ಕಾಪರ್-ಟಿ ಹಾಕಿಸಿಕೊಂಡವರು ಎಳೆದರೆ ಅದೂ ಜಾರಿ ಬರಬಹುದು, ಅಂಥವರು ಡಾಕ್ಟರನ್ನು ಕೇಳಿಯೇ ಬಳಸಬೇಕು. ಮುಟ್ಟು ಶುರುವಾಗುವ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಬೇರೆ ಪಾತ್ರೆಯಲ್ಲಿ ಐದು ನಿಮಿಷ ಕುದಿಸಬೇಕು. ಸವಳು ನೀರಿನಲ್ಲಿ ಕುದಿಸಿದರೆ ಬಿಳಿಯ ಸುಣ್ಣ ಹತ್ತುತ್ತದೆ, ಆದ್ದರಿಂದ ನಾಣ್ಯ ಹಾಕಿ ತುಂಬುವ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಒಂದು ಸಲಕ್ಕೆ ಒಂದು ಲೀಟರ್ ಸಾಕು.

ರೂಢಿಯಾಗಲು ಕಾಲ ಬೇಕು. 2019ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು, ಸುಮಾರು 3,300 ಹೆಂಗಸರ ಅನುಭವವನ್ನು ಒಟ್ಟುಗೂಡಿಸಿದ ವಿಮರ್ಶೆ ಬಂತು. ಸೋರಿಕೆ ಪ್ಯಾಡಿನಷ್ಟೇ ಅಥವಾ ಅದಕ್ಕಿಂತ ಕಡಿಮೆ, ಆದರೆ ಕೈಗೂಡಲು ಎರಡರಿಂದ ಐದು ತಿಂಗಳು ಹಿಡಿಯುತ್ತದೆ ಎಂದು ಅದು ಹೇಳಿತು. ಬಳಸಿದವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಮುಂದುವರಿಸುತ್ತೇವೆ ಎಂದರು. ಮೊದಲ ತಿಂಗಳು ಸೋರಿತು ಎಂದು ಪೆಟ್ಟಿಗೆಗೆ ಹಾಕಿದವರನ್ನು ನಾನು ಬಹಳ ಕಂಡಿದ್ದೇನೆ. ಮೂರನೆಯ ತಿಂಗಳವರೆಗೆ ತಡೆದುಕೊಳ್ಳಿ, ಅಲ್ಲಿಯವರೆಗೆ ಕೆಳಗೊಂದು ತೆಳು ಬಟ್ಟೆ ಇರಲಿ.

ಮದುವೆಯಾಗದ ಹುಡುಗಿಯರಿಗೆ ಹೇಗೆ ಎಂದು ತಾಯಂದಿರು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಕನ್ಯಾಪೊರೆ ಎಂಬುದು ಚರ್ಮದ ಒಂದು ಮೆತ್ತನೆಯ ಮಡಿಕೆ. ಸೈಕಲ್ ತುಳಿದರೂ ಕಬಡ್ಡಿ ಆಡಿದರೂ ಹಿಗ್ಗಬಹುದು, ಹರಿಯಬಹುದು. ಅದರಿಂದ ಹುಡುಗಿಯ ನಡತೆ ಅಳೆಯಲು ಬರುವುದಿಲ್ಲ. ಕಪ್ಪಿನಲ್ಲಿ ಚಿಕ್ಕ ಅಳತೆಯವೂ ಇವೆ. ಆದರೂ ಹದಿಮೂರು ಹದಿನಾಲ್ಕರ ಹುಡುಗಿಗೆ ತನ್ನ ಮೈಯೇ ಹೊಸದಾಗಿರುತ್ತದೆ. ಅವಳಿಗೆ ಒತ್ತಾಯ ಮಾಡಬಾರದು, ಬೇಕೆನ್ನಿಸಿದಾಗ ಅವಳೇ ಆರಿಸಲಿ.

ಟ್ಯಾಂಪನ್ ಇಲ್ಲಿ ಎಲ್ಲ ಕಡೆ ಸಿಗುವುದಿಲ್ಲ, ದುಬಾರಿ, ಎಂಟು ಗಂಟೆ ಮೀರಿ ಇಟ್ಟುಕೊಂಡರೆ ಅಪರೂಪಕ್ಕಾದರೂ ಜೀವಕ್ಕೆ ಎರವಾಗುವ ಸೋಂಕಿನ ಭಯ. ನಾನು ಸಲಹೆ ಮಾಡುವುದಿಲ್ಲ. ಮುಟ್ಟಿನ ಒಳಉಡುಪು ಕಡಿಮೆ ರಕ್ತದ ದಿನಗಳಿಗೆ ಹಿತ, ಆದರೆ ಒಗೆಯಲು ಬಟ್ಟೆಗಿಂತ ಹೆಚ್ಚು ನೀರು ಬೇಕು.

ಯಾರಿಗೆ ಯಾವುದು

ದೀಪಾವಳಿಯ ಆಸುಪಾಸಿನಲ್ಲಿ ನಮ್ಮ ತಾಂಡಾಗಳಿಂದ ಕುಟುಂಬಗಳು ಕಬ್ಬು ಕಡಿಯಲು ಹೊರಡುತ್ತವೆ. ಮುಧೋಳ, ಜಮಖಂಡಿ, ಅಥಣಿ ಕಡೆಗೆ, ಗಡಿ ದಾಟಿ ಮಹಾರಾಷ್ಟ್ರಕ್ಕೆ. ಫಡದ ಪಕ್ಕದಲ್ಲಿ ತಾಡಪತ್ರಿಯ ಗುಡಿಸಲು, ಪಾಯಖಾನೆ ಇಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಕೆಲಸ. ರಾತ್ರಿ ಟ್ರ್ಯಾಕ್ಟರ್ ತುಂಬುವುದೂ ಅವರದೇ. ಒಂದು ದಿನ ತಪ್ಪಿದರೆ ಕೂಲಿಯಲ್ಲಿ ಕಡಿತ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಳ್ಳುತ್ತಿದ್ದಾರೆ ಎಂಬ ದೂರಿನ ಮೇಲೆ 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ತನಿಖೆ ನಡೆಸಿತು. ವಿಚಾರಿಸಿದ 82 ಸಾವಿರ ಚಿಲ್ಲರೆ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ತೆಗೆಸಿಕೊಂಡಿದ್ದರು. ಮುಟ್ಟಿಗೆ ಜಾಗ ಕೊಡದ ಕೆಲಸ ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ. ಈ ಹೆಂಗಸರಿಗೆ ನಾನು ಕಪ್ಪನ್ನೇ ಹೇಳುತ್ತೇನೆ. ಜಾವದ ಕತ್ತಲಲ್ಲಿ ಒಮ್ಮೆ, ಹನ್ನೆರಡು ಗಂಟೆ ಮೀರುವ ಮೊದಲು ಸಂಜೆ ಒಮ್ಮೆ ಬದಲಿಸಿದರಾಯಿತು. ಒಂದು ಬಾಟಲಿ ಶುದ್ಧ ನೀರು, ಸಾಬೂನಿನ ತುಂಡು ಜೊತೆಗಿರಲಿ. ಆದರೆ ರೂಢಿಯನ್ನು ಊರಲ್ಲಿರುವಾಗಲೇ, ಮಳೆಗಾಲದ ತಿಂಗಳುಗಳಲ್ಲಿ ಮಾಡಿಕೊಳ್ಳಬೇಕು. ಫಡದಲ್ಲಿ ಮೊದಲ ಸಲ ಪ್ರಯತ್ನಿಸುವುದು ಬೇಡ.

ಶಾಲೆಯ ಹುಡುಗಿಗೆ ಶಾಲೆಯ ಹೊತ್ತಿನಲ್ಲಿ ಪ್ಯಾಡ್, ಮನೆಯಲ್ಲಿ ರಾತ್ರಿ ಹತ್ತಿ ಬಟ್ಟೆ. ಖರ್ಚು ಅರ್ಧಕ್ಕೆ ಇಳಿಯುತ್ತದೆ. ಹಾಸ್ಟೆಲಿನಲ್ಲಿರುವವಳಿಗೆ ಬಟ್ಟೆ ಒಣಗಿಸಲು ಜಾಗ ಸಿಗುವುದು ಕಷ್ಟ, ಅವಳಿಗೆ ಪ್ಯಾಡೇ ಸರಿ, ಹದಿನೆಂಟು ದಾಟಿದವಳಾದರೆ ಕಪ್ಪನ್ನೂ ಯೋಚಿಸಬಹುದು. ಇಳಕಲ್, ರಬಕವಿ, ಬನಹಟ್ಟಿಯ ನೇಕಾರ ಹೆಣ್ಣುಮಕ್ಕಳು ಮಗ್ಗದ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ, ಪ್ಯಾಡಿನ ಪ್ಲಾಸ್ಟಿಕ್ಕಿಗೆ ಬೆವತು ಕೆರೆತ ಬರುತ್ತದೆ. ಮನೆಯಲ್ಲೇ ಕೆಲಸ, ನೀರೂ ಇದೆ ಎಂದಾದರೆ ಹೊಲಿದ ಹತ್ತಿ ಪ್ಯಾಡ್ ಅವರಿಗೆ ಹಿತ. ಬಾಗಲಕೋಟೆಯ ನವನಗರದಲ್ಲೋ ಬೆಳಗಾವಿಯಲ್ಲೋ ನಳದ ನೀರು, ಬಾಗಿಲಿಗೆ ಬರುವ ಕಸದ ಗಾಡಿ ಎರಡೂ ಇರುವವರು ಮೂರರಲ್ಲಿ ಯಾವುದನ್ನಾದರೂ ಆರಿಸಬಹುದು. ಆಯ್ಕೆ ಇರುವವರು ಕಸ ಕಡಿಮೆ ಮಾಡುವುದನ್ನು ಆರಿಸಲಿ ಎಂದು ಕೇಳಿಕೊಳ್ಳುತ್ತೇನೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ರಕ್ತ ಒಮ್ಮೊಮ್ಮೆ ಹೇಳದೆ ಕೇಳದೆ ಧುಮುಕುತ್ತದೆ, ಆಗ ಚೀಲದಲ್ಲಿ ಎರಡು ದೊಡ್ಡ ಪ್ಯಾಡ್ ಇರಲೇಬೇಕು.

ನಮ್ಮ ಶಾಲೆಯ ಹೆಣ್ಣುಮಕ್ಕಳ ಪಾಯಖಾನೆಗೆ ಬೀಗ ಇರುತ್ತಿತ್ತು, ಕೀಲಿ ಗಂಡಸರ ಕೋಣೆಯಲ್ಲಿ. ಅಲ್ಲಿ ಹೋಗಿ ಕೀಲಿ ಕೇಳುವುದಕ್ಕಿಂತ ಮನೆಗೆ ಹೋಗುವುದೇ ಮೇಲು ಎಂದು ಹುಡುಗಿಯರು ಮಧ್ಯಾಹ್ನದ ಊಟದ ಹೊತ್ತಿಗೆ ಹೊರಟುಬಿಡುತ್ತಿದ್ದರು. ಒಬ್ಬಳು ಹೇಳಿದಳು, ಅಕ್ಕೋರೇ, ಪ್ಯಾಡ್ ಚೀಲದಲ್ಲಿದೆ, ಹಾಕಿಕೊಳ್ಳಲು ಜಾಗ ಇಲ್ಲ. ಆ ಕೀಲಿಯನ್ನು ನನ್ನ ಮೇಜಿನ ಖಾನೆಗೆ ತರಲು ನನಗೆ ಎರಡು ವರ್ಷ ಬೇಕಾಯಿತು. ಒಳಗೆ ಒಂದು ಬಕೆಟ್, ಚೊಂಬು, ಸಾಬೂನು, ಮುಚ್ಚಳವಿರುವ ಕಸದ ಡಬ್ಬಿ, ಒಂದು ಗೂಟ ಮತ್ತು ಒಳಗಿನಿಂದ ಹಾಕುವ ಚಿಲಕ. ಗೂಟ ಯಾಕೆ ಎಂದು ಬಡಗಿ ಕೇಳಿದ. ಚೀಲ ಹಸಿ ನೆಲದ ಮೇಲೆ ಇಡುವುದು ಹೇಗೆ ಎಂದು ಕೇಳಿದೆ. ಆ ವರ್ಷದಿಂದ ಮಧ್ಯಾಹ್ನದ ಹಾಜರಿ ಸುಧಾರಿಸಿತು. ನಿಮ್ಮ ಊರಿನ ಶಾಲೆಯಲ್ಲಿ ಈ ಆರು ವಸ್ತುಗಳು ಇವೆಯೇ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಿ, ಕಸದ ಗಾಡಿಯ ಮಾತನ್ನು ಗ್ರಾಮಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನಲ್ಲಿ ಬಿಟ್ಟರೆ ಮರುದಿನ ಯಾರಿಗೂ ನೆನಪಿರುವುದಿಲ್ಲ.

ಯಾವುದನ್ನು ಆರಿಸಿದರೂ ಡಾಕ್ಟರ ಬಳಿ ಹೋಗಬೇಕಾದ ಸಂದರ್ಭಗಳು ಒಂದೇ. ಗಂಟೆಗೊಂದು ಪ್ಯಾಡ್ ತೋಯುವುದು, ಏಳು ದಿನ ಮೀರಿ ರಕ್ತ ಹೋಗುವುದು, ದೊಡ್ಡ ಗಂಟುಗಳು, ಕೆಟ್ಟ ವಾಸನೆಯ ಬಿಳಿಮುಟ್ಟು, ತುರಿಕೆ, ಜ್ವರ, ಎದ್ದು ನಿಂತರೆ ಕಣ್ಣು ಕತ್ತಲಾಗುವುದು. ದೇಶದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ ಎಂದು ಮೇಲೆ ಹೇಳಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹೆಚ್ಚು ರಕ್ತ ಹೋಗುವುದು ನಮ್ಮ ಮನೆತನದ ವಾಡಿಕೆ ಎಂದು ಸುಮ್ಮನಿರಬೇಡಿ. ಮುಟ್ಟಾದ ದಿನ, ನಿಂತ ದಿನ, ದಿನಕ್ಕೆ ಎಷ್ಟು ಬದಲಿಸಿದಿರಿ ಎಂಬುದನ್ನು ಮೂರು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋಗಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ.